ತಣ್ಣೀರಿನ ದಂಡ

ಗ್ವೇರು ಊರಿನ ನಮ್ಮ ಮ್ಕೋಬಾ ಬಡಾವಣೆಯಲ್ಲಿ ಕುಡಿದು ಮನೆ ಹಾಳು ಮಾಡಿದ ಗಂಡಸರನ್ನು ನೋಡಿದ್ದೇನೆ. ಜೂಜಾಡಿ ಹಾಳು ಮಾಡಿದವರನ್ನೂ ನೋಡಿದ್ದೇನೆ. ಉಳಿತಾಯ ಮಾಡಲು ಹೋಗಿ ಮಾನ ಕಳೆದುಕೊಂಡವನನ್ನು ನೋಡಿದ್ದು ಒಬ್ಬನನ್ನೇ, ನಮ್ಮ ಮನೆ ಯಜಮಾನ ಜೊಸಾಯನನ್ನು. ನಮ್ಮ ಮನೆ ಎಂದರೆ ಅವನದೇ ಮನೆ. ಅದರ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದು ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವವಳು ನಾನು. ತಾಪೆರಾ ಅಮ್ಮ ಎಂದರೆ ಬೀದಿಗೆಲ್ಲ ಗೊತ್ತು. ನನ್ನ ಕೋಣೆಗೂ ಅವರ ಅಡುಗೆಮನೆಗೂ ನಡುವೆ ಇರುವುದು ಒಂದೇ ಇಟ್ಟಿಗೆಯ ಗೋಡೆ. ದೇವರು ನನಗೆ ಕಿವಿಯನ್ನೂ ಚೆನ್ನಾಗಿಯೇ ಕೊಟ್ಟಿದ್ದಾನೆ.

ಜೊಸಾಯ ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ ಮೇಸ್ತ್ರಿ. ಆ ವರ್ಷ ಕಾರ್ಖಾನೆಯವರು ಕೆಲಸವನ್ನು ಅರ್ಧ ವಾರಕ್ಕೆ ಇಳಿಸಿದರು, ಸಂಬಳವನ್ನೂ ಹಾಗೇ. ಉಳಿದ ಅರ್ಧ ವಾರ ಮನೆಯಲ್ಲಿ ಕೂತವನಿಗೆ ಕಣ್ಣಿಗೆ ಬಿದ್ದದ್ದು ಹಜಾರದ ಗೋಡೆಯ ಮೇಲಿದ್ದ ಕರೆಂಟಿನ ಮೀಟರು. ದುಡ್ಡು ಕಟ್ಟಿ ನಂಬರ್ ಒತ್ತಿದರೆ ಕರೆಂಟು, ಮುಗಿದರೆ ಕತ್ತಲೆ, ಅಂಥ ಮೀಟರು. ಅದರಲ್ಲೊಂದು ಕೆಂಪು ದೀಪ ಮಿಣುಕುತ್ತದೆ. ಕರೆಂಟು ಹೆಚ್ಚು ಉರಿದರೆ ಬೇಗ ಬೇಗ ಮಿಣುಕುತ್ತದೆ. ಅದರ ಎದುರಿಗೆ ಕುರ್ಚಿ ಹಾಕಿಕೊಂಡು ಕೂತ ಮಹಾರಾಯ, ಏಳಲೇ ಇಲ್ಲ.

"ಯಾರದು ಕೆಟಲ್ ಹಾಕಿದ್ದು? ಮೀಟ್ರು ಕುಣೀತಾ ಇದೆ!"

"ನಾನಪ್ಪಾ. ಟೀಗೆ." ಅದು ಮಗಳು ಶುವಾಯ್. ಆ ವರ್ಷ ದೊಡ್ಡ ಪರೀಕ್ಷೆಗೆ ಕೂರುವವಳು.

"ಎಷ್ಟು ಲೋಟ ಟೀ?"

"ಒಂದು."

"ಒಂದು ಲೋಟಕ್ಕೆ ಕೆಟಲ್ ತುಂಬಾ ನೀರಾ? ಮಿಕ್ಕಿದ್ದು ಯಾರ ತಾತನಿಗೆ ಕಾಯಿಸ್ತಿದೀಯೇ?"

"ನಮ್ಮ ತಾತ ಸತ್ತು ಎಷ್ಟೋ ವರ್ಷ ಆಯ್ತಲ್ಲಪ್ಪಾ. ಅವರಿಗೆ ಟೀ ಬೇಡ."

"ನಾಲಿಗೆ ನೋಡು! ಪರೀಕ್ಷೆ ಫೀಸು ಯಾರಪ್ಪ ಕಟ್ತಾನೆ ಅಂದ್ಕೊಂಡಿದೀಯ?"

"ನೀವೇ. ನೀವೇ ತಾನೇ ನನ್ನಪ್ಪ?"

ಅವತ್ತೇ ಕೆಟಲ್ ಟ್ರಂಕು ಸೇರಿತು, ಬೀಗದ ಕೈ ಅವನ ಕೊರಳು ಸೇರಿತು. ಆಮೇಲೆ ಫ್ರಿಜ್ ಆರಿತು. ನಮ್ಮಲ್ಲಿ ಜೂನ್ ಎಂದರೆ ನಡು ಚಳಿಗಾಲ. "ಜೂನ್ ಚಳಿ ಇರೋವಾಗ ಫ್ರಿಜ್ ಯಾಕೆ, ಊರೇ ಫ್ರಿಜ್ಜು" ಎಂದ. ನನ್ನ ಇಸ್ತ್ರಿಪೆಟ್ಟಿಗೆಗೂ ನಿಷೇಧ ಬಂತು. ನಾನು ಸಂತೆಗೆ ಹೋಗಿ ಇದ್ದಿಲಿನ ಇಸ್ತ್ರಿಪೆಟ್ಟಿಗೆ ತಂದೆ, ಇದ್ದಿಲ ಬೂದಿಯನ್ನು ದಿನಾ ಅವನ ಬಾಗಿಲ ಮುಂದೆಯೇ ಕೊಡವಿದೆ. ಕೊನೆಗೆ ಕರೆಂಟಿನ ಒಲೆಯ ಫ್ಯೂಸನ್ನೇ ಕಿತ್ತು ಜೇಬಿಗೆ ಹಾಕಿಕೊಂಡ. ಸಂಜೆ ಮೆಕ್ಕೆಜೋಳದ ಮುದ್ದೆ ತಿರುವುವ ಹೊತ್ತಿಗೆ ಮಾತ್ರ ಅದು ಹೊರಗೆ ಬರುತ್ತಿತ್ತು.

ಸುಳ್ಳು ಹೇಳಬಾರದು, ಉಳಿತಾಯವಂತೂ ಆಯಿತು. ಅವನ ಹೆಂಡತಿ ಮುಚನೇತಾ ಸಂತೆಯಲ್ಲಿ ಹಳೆಬಟ್ಟೆ ಮಾರುವವಳು, ಮೃದು ಸ್ವಭಾವ, ಬುದ್ಧಿ ಮಾತ್ರ ಚೂಪು. ಅವಳು ಒಂದು ರಟ್ಟಿನ ಪೆಟ್ಟಿಗೆಗೆ ಮಾರಾಟವಾಗದ ಉಣ್ಣೆಯಂಗಿಗಳನ್ನು ತುರುಕಿ, ಒಂದು ಕುದಿ ಬಂದ ಹುರುಳಿಕಾಯಿ ಬೀಜದ ಪಾತ್ರೆಯನ್ನು ಅದರೊಳಗೆ ಹುಗಿದಿಟ್ಟಳು. ಸಂತೆಯಿಂದ ಬರುವಷ್ಟರಲ್ಲಿ ಬೀಜ ಬೆಣ್ಣೆಯಂತೆ ಬೆಂದಿತ್ತು. ಆ ಪೆಟ್ಟಿಗೆಯನ್ನು ಜೊಸಾಯ ಚರ್ಚಿನ ಗಂಡಸರ ಸಭೆಗೆ ಹೊತ್ತೊಯ್ದು, ಆ ಸಭೆಯವರ ಸಮವಸ್ತ್ರದ ಕೆಂಪು ಕೋಟು ತೊಟ್ಟು, "ನಾನು ಕಂಡುಹಿಡಿದೆ" ಎಂದು ಉಪನ್ಯಾಸ ಕೊಟ್ಟು ಬಂದ. ಆಮೇಲೆ ಮೂರು ಬೀದಿಯ ಗಂಡಸರು ಅವನ ಸಲಹೆ ಕೇಳಲು ಬರತೊಡಗಿದರು. ಕೆಲಸ ಅರ್ಧವಾಗಿದ್ದನ್ನು ಅವರಲ್ಲಿ ಯಾರಿಗೂ ಅವನು ಹೇಳಿರಲಿಲ್ಲ. ಬಡತನಕ್ಕೆ ಜಾಣತನದ ಕೋಟು ತೊಡಿಸಿ ಮೆರೆಸುತ್ತಿದ್ದ, ಅಷ್ಟೆ. ಪಾಪ ಅನ್ನಿಸುತ್ತಿತ್ತು ನನಗೂ, ಬೂದಿ ಕೊಡವುವಾಗಲೂ ಸಹ.

ಆಗ ಹಳ್ಳಿಯಿಂದ ಅವನ ತಾಯಿ ಬಂದಳು.

ಎರಡು ಕಣ್ಣಿಗೂ ಪೊರೆ ಬಂದಿತ್ತು ಅಜ್ಜಿಗೆ. ಬೆಳಕು, ನೆರಳು ಬಿಟ್ಟರೆ ಬೇರೇನೂ ಕಾಣದು. ಗ್ವೇರು ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಹೆಸರು ಬರೆಸಿ, ಕರೆ ಬರುವ ತನಕ ಮಗನ ಮನೆಯಲ್ಲಿ ಇರುವುದೆಂದು ಆಗಿತ್ತು. ಬಸ್ಸಿಂದ ಇಳಿದವಳೇ ನಮಗೆಲ್ಲ ಕೇಳುವಂತೆ, "ನನ್ನ ಮಗ ಕಾರ್ಖಾನೇಲಿ ದೊಡ್ಡೋನಾಗಿದಾನೆ, ಇಡೀ ಹಳ್ಳಿಗೆ ಹೇಳ್ಕೊಂಡು ಬಂದಿದೀನಿ" ಎಂದಳು. ಜೊಸಾಯ ಚೀಲ ಎತ್ತಿಕೊಂಡು ಬೇಗ ಬೇಗ ಒಳಗೆ ಹೋದ.

ಅವತ್ತು ಸಂಜೆಯೇ ಅಡುಗೆಮನೆಯಲ್ಲಿ ಮಾತು ಶುರುವಾಯಿತು. ನಾನು ಹೊಲಿಗೆ ಯಂತ್ರ ನಿಲ್ಲಿಸಿದೆ.

"ಶುವಾಯ್ ಅಪ್ಪಾ, ಬೆಳಿಗ್ಗೆ ಅತ್ತೆ ಸ್ನಾನಕ್ಕೆ ನೀರು ಕಾಯಿಸ್ಬೇಕು. ಕೆಟಲ್ ಕೊಡಿ."

"ಬಕೆಟ್ ತುಂಬಾ ನೀರು ಕೆಟಲಲ್ಲಿ ಕಾಯಿಸ್ತೀಯಾ? ದಿನಾ? ಅಗ್ಗದ ಯೂನಿಟ್ಟೆಲ್ಲ ತಿಂಗಳ ಅರ್ಧಕ್ಕೇ ಮುಗಿದು ಹೋಗತ್ತೆ. ಆಮೇಲೆ ದುಬಾರಿ ರೇಟು. ಶುವಾಯ್ ಫೀಸು?"

"ಹಾಗಾದ್ರೆ ಸೌದೆ ತರಿಸಿ."

"ಸೌದೆ ಪುಕ್ಕಟೆ ಬರತ್ತಾ? ನಾನು ಯೋಚನೆ ಮಾಡಿದೀನಿ. ಕ್ಯಾನಿಗೆ ಕರಿ ಬಣ್ಣ ಬಳಿದು ಚಾವಣಿ ತಗಡಿನ ಮೇಲಿಡ್ತೀನಿ. ಹಗಲು ಬಿಸಿಲಿಗೆ ಕಾಯತ್ತೆ, ಸಂಜೆ ಕಂಬಳಿ ಸುತ್ತಿಟ್ರೆ ಬೆಳಿಗ್ಗೆ ತನಕ ಬಿಸಿ ಇರತ್ತೆ. ನಿನ್ನ ಬೀಜದ ಪಾತ್ರೆ ಇರಲ್ವಾ, ಹಾಗೇ."

"ಬೀಜ ಬೇರೆ, ಅತ್ತೆ ಬೇರೆ. ಅದು ಆರಿ ಹೋದ್ರೆ? ಇಲ್ದಿದ್ರೆ ಅತ್ತೆಗೆ ನೀವೇ ಹೇಳ್ಬಿಡಿ, ಹಿಂಗಿಂಗೆ, ಕೆಲಸ ಕಮ್ಮಿ ಆಗಿದೆ ಅಂತ."

ಅದಕ್ಕೆ ಅವನ ದನಿ ತಗ್ಗಿತು. "ಮುಚನೇತಾ, ಅಮ್ಮನಿಗೆ ಆ ವಿಷಯ ಗೊತ್ತಾಗ್ಬಾರ್ದು. ನಿನ್ನ ಕಾಲಿಗೆ ಬೀಳ್ತೀನಿ. ಇಡೀ ಹಳ್ಳೀಲಿ ನನ್ನ ಹೆಸರು ಹೇಳ್ಕೊಂಡು ಬಂದಿದಾಳೆ."

ಅವಳು ಆಯಿತೆಂದಳು. ಒಳ್ಳೆಯವಳಾಗಿ ಕೆಟ್ಟಳು.

ನೀರಿನ ವಿಷಯ ಅಂಥದು. ನಮ್ಮಲ್ಲಿ ಸೊಸೆಯಾದವಳು ಕತ್ತಲಲ್ಲೇ ಎದ್ದು, ಅತ್ತೆಗೆ ನೀರು ಕಾಯಿಸಿ ಬಚ್ಚಲಲ್ಲಿಟ್ಟು, ಮಂಡಿಯೂರಿ, "ನೀರು ಸಿದ್ಧ ಆಗಿದೆ" ಎನ್ನಬೇಕು. ಸೊಸೆಯ ಮನಸ್ಸಲ್ಲಿ ಏನಿದೆ ಎಂದು ಅತ್ತೆ ತಿಳಿಯುವುದು ಮಾತಿನಿಂದಲ್ಲ, ಆ ನೀರಿಗೆ ಕೈಯಿಟ್ಟು. ಸೊಸೆ ಎದುರು ಮಾತಾಡಿದರೆ ನಾಲ್ಕು ದಿನಕ್ಕೆ ಮರೆಯಬಹುದು. ತಣ್ಣೀರು ಇಟ್ಟಳೋ, ಎದ್ದು ಹೋಗು ಎಂದ ಹಾಗೆ. ನಮ್ಮ ಅತ್ತೆಗೆ ನಾನು ಜ್ವರ ಬಂದಾಗಲೂ ನೀರು ಕಾಯಿಸಿಕೊಟ್ಟಿದ್ದೇನೆ. ಆ ಯಮ ನಡುಗುವ ಹೆಂಗಸು ಸಾಯುವ ತನಕ ನನ್ನನ್ನು ಬೈದಳು, ಆದರೆ ಕೆಟ್ಟ ಸೊಸೆ ಎಂದು ಒಮ್ಮೆಯೂ ಅನ್ನಲಿಲ್ಲ.

ಮೊದಲ ವಾರ ಬಿಸಿಲಿತ್ತು. ಕಂಬಳಿಯೊಳಗಿನ ನೀರು ಬೆಳಿಗ್ಗೆ ಉಗುರುಬೆಚ್ಚಗಿರುತ್ತಿತ್ತು. ಅಜ್ಜಿ ಏನೂ ಅನ್ನಲಿಲ್ಲ. "ಥ್ಯಾಂಕ್ಸ್ ಮಾಮೊಯೊ" ಎನ್ನುತ್ತಿದ್ದಳು. ಮೊಯೊ ಎಂಬುದು ಮುಚನೇತಾಳ ತವರಿನ ಕುಲದ ಹೆಸರು. ಮನೆಗೆ ಬಂದ ಸೊಸೆಯನ್ನು ಅವಳ ಕುಲ ಹಿಡಿದು ಕರೆಯುವುದೆಂದರೆ ತಲೆಯ ಮೇಲೆ ಕೈಯಿಟ್ಟ ಹಾಗೆ.

ಆಮೇಲೆ ಮೋಡ ಕವಿಯಿತು. ಜೂನಿನ ಜಿಟಿಜಿಟಿ ಮಂಜುಮಳೆ ಹಿಡಿದರೆ ಸೂರ್ಯನಿಗೂ ರಜೆ. ತಗಡಿನ ಮೇಲಿನ ಕರಿ ಕ್ಯಾನು ಕಪ್ಪೆಯ ಹಾಗೆ ತಣ್ಣಗೆ ಕೂತಿತ್ತು. ಬೆಳಿಗ್ಗೆ ನಾನು ಕೊಳಾಯಿಗೆ ಹೋದಾಗ ಮುಚನೇತಾ ಬಕೆಟ್ಟಿನೊಳಗೆ ಕೈ ಅದ್ದಿಕೊಂಡು ನಿಂತಿದ್ದಳು.

"ನನ್ನ ಇದ್ದಿಲ ಒಲೆ ಇದೆ ಬಾರೇ" ಎಂದೆ.

"ಬೇಡ ತಾಪೆರಾ ಅಮ್ಮ. ನೀರಿಗೆ ಹೊಗೆ ವಾಸನೆ ಹತ್ತತ್ತೆ. ಮನೇಲಿ ಕರೆಂಟಿಟ್ಕೊಂಡು ಬಾಡಿಗೆಯವರ ಬೆಂಕಿ ಯಾಕೆ ಅಂತ ಅತ್ತೆ ಕೇಳಿದ್ರೆ ಏನು ಹೇಳ್ಲಿ?"

"ನಿಜ ಹೇಳು!"

"ಶುವಾಯ್ ಅಪ್ಪಂಗೆ ಮಾತು ಕೊಟ್ಟಿದೀನಿ."

"ಅವನ ಮಾತಿಗೆ ಬೆಂಕಿ ಹಾಕ! ಅದರಲ್ಲಾದ್ರೂ ನೀರು ಕಾಯ್ಲಿ."

ಅವಳು ನಕ್ಕಳು, ಬಕೆಟ್ ಎತ್ತಿಕೊಂಡು ಒಳಗೆ ಹೋದಳು. ಬಚ್ಚಲ ಬಾಗಿಲಲ್ಲಿ ಮಂಡಿಯೂರಿ "ನೀರು ಸಿದ್ಧ ಆಗಿದೆ ಅತ್ತೆ" ಎಂದದ್ದು ಕೇಳಿಸಿತು. ನೀರು ಸುರಿದ ಸದ್ದು ಮಾತ್ರ ಕೇಳಿಸಲಿಲ್ಲ. ಅಜ್ಜಿ ಹಾಗೇ ಹೊರಗೆ ಬಂದಳು.

ಮುಂದಿನ ದಿನಗಳಲ್ಲಿ ಮಾಮೊಯೊ ಹೋಗಿ "ಏ ಹುಡುಗಿ" ಆಯಿತು. ಆಮೇಲೆ ಅದೂ ಹೋಗಿ ಮೌನ ಬಂತು. ಮುಚನೇತಾ ಮುದ್ದೆ ಇಟ್ಟರೆ ಅಜ್ಜಿ ಎರಡು ತುತ್ತು ತಿಂದು, ಸಾಕು ಎಂದು ತಟ್ಟೆ ಸರಿಸುತ್ತಿದ್ದಳು. ಜೊಸಾಯ ಅದನ್ನೆಲ್ಲ ನೋಡುತ್ತಿದ್ದ. ನೋಡಿ ಮೀಟರಿನ ಮುಂದೆ ಹೋಗಿ ಕೂರುತ್ತಿದ್ದ.

ಒಂದು ಮಧ್ಯಾಹ್ನ ಅಜ್ಜಿ ಹಿತ್ತಲಿಗೆ ಬಂದು ಗೋಡೆಗೊರಗಿ ಕೂತಳು. ಶುವಾಯ್ ಬಟ್ಟೆ ಒಗೆಯುತ್ತಿದ್ದಳು.

"ಕೂಸೇ, ನಿಮ್ಮ ತೆತೆಗೆ ಫೋನ್ ಹಚ್ಚಿಕೊಡು."

ತೆತೆ ಎಂದರೆ ಅಪ್ಪನ ಅಕ್ಕ, ಎನೆರೆಸಿ. ನಮ್ಮಲ್ಲಿ ತೆತೆ ಎಂದರೆ ಮನೆಯ ಪೊಲೀಸೂ ಹೌದು, ಕೋರ್ಟೂ ಹೌದು.

"ಯಾಕಜ್ಜಿ?"

"ನಾನು ಊರಿಗೆ ಹೋಗ್ತೀನಿ."

"ಕಣ್ಣಿನ ಆಪರೇಷನ್ನು?"

"ಕಣ್ಣಿಲ್ದೆ ಬದುಕ್ಬಹುದು. ಬೇಡದ ಮನೇಲಿ ಬದುಕೋಕಾಗಲ್ಲ."

"ಅಜ್ಜಿ, ಅದು ಅಮ್ಮಂದು ತಪ್ಪಲ್ಲ! ಅಪ್ಪನೇ..."

"ಶುವಾಯ್!" ಮುಚನೇತಾ ಬಾಗಿಲಲ್ಲಿ ನಿಂತಿದ್ದಳು. "ಬಾಯಿ ಮುಚ್ಕೊಂಡು ಒಗಿ."

ಹುಡುಗಿ ಅಪ್ಪನ ಅಂಗಿಯನ್ನು ಕಲ್ಲಿಗೆ ಎಷ್ಟು ಜೋರಾಗಿ ಬಡಿದಳೆಂದರೆ ಒಂದು ಗುಂಡಿ ಹಾರಿ ನನ್ನ ಬಾಗಿಲಿಗೆ ಬಂತು.

ಶನಿವಾರ ತೆತೆ ಎನೆರೆಸಿ ಕ್ವೆಕ್ವೆ ಪಟ್ಟಣದಿಂದ ಬಂದಿಳಿದಳು. ಆನೆಯಂಥ ಹೆಂಗಸು, ದನಿಯೂ ಹಾಗೇ. ನಡುಮನೆಯಲ್ಲಿ ಎಲ್ಲರನ್ನೂ ಕೂರಿಸಿದಳು. "ತಾಪೆರಾ ಅಮ್ಮ, ನೀನೂ ಬಾ. ಹೊರಗಿನ ಕಿವಿ ಒಂದಿರ್ಬೇಕು" ಎಂದು ನನ್ನನ್ನೂ ಕರೆದಳು. ಮುಚನೇತಾ ಕಾಲು ಮಡಿಸಿ ನೆಲದ ಮೇಲೆ ಕೂತಳು, ಜೊಸಾಯ ಪಕ್ಕದಲ್ಲಿ ಕುರ್ಚಿಯ ಮೇಲೆ. ಒಳಗೆ ಬರುವ ಮುಂಚೆಯೇ ಮುಚನೇತಾ ನನ್ನ ಕೈ ಹಿಡಿದು, "ನೀವು ಏನೂ ಹೇಳ್ಬೇಡಿ, ಅವರೇ ಹೇಳ್ತಾರೆ" ಎಂದಿದ್ದಳು.

"ಅಮ್ಮಂಗೆ ತಣ್ಣೀರು ಇಟ್ಟಿದ್ದು ಹೌದಾ?" ತೆತೆ ಕೇಳಿದಳು.

"ಹೌದು ತೆತೆ."

"ಒಂದು ದಿನಾನಾ?"

"ತುಂಬಾ ದಿನ."

"ಯಾಕೆ? ಮನೇಲಿ ಕರೆಂಟಿಲ್ವಾ? ಗಂಡ ದುಡಿಯಲ್ವಾ? ಕುರುಡು ಮುದುಕಿ, ಜೂನ್ ತಿಂಗಳು. ಯಾಕಮ್ಮಾ?"

ಮುಚನೇತಾ ಒಮ್ಮೆ ಗಂಡನ ಕಡೆ ನೋಡಿದಳು. ಒಂದೇ ಸಲ. ಅವನು ತನ್ನ ಬೂಟಿನ ತುದಿ ನೋಡುತ್ತಿದ್ದ. ಬಾಯಿ ಬಿಡೋ ಮಾರಾಯ, ಬಾಯಿ ಬಿಡು ಎಂದು ಒಳಗೊಳಗೇ ಬೇಡಿಕೊಂಡೆ.

"ಬೆಳಿಗ್ಗೆ ಏಳೋಕೆ ಆಗ್ಲಿಲ್ಲ ತೆತೆ" ಎಂದಳು ಮುಚನೇತಾ. "ಸೋಮಾರಿತನ ಆಯ್ತು."

"ಸುಳ್ಳು!" ಶುವಾಯ್ ಎದ್ದು ನಿಂತಳು. "ತೆತೆ, ಅಪ್ಪ..."

"ದೊಡ್ಡವರ ಮಧ್ಯೆ ಬಾಯಿ ಹಾಕ್ಬೇಡ!" ಅದು ಜೊಸಾಯ. ಅಲ್ಲಿಯ ತನಕ ಹೊರಡದ ದನಿ ಮಗಳನ್ನು ಗದರುವುದಕ್ಕೆ ಮಾತ್ರ ಸರಿಯಾಗಿ ಹೊರಟಿತು. "ನಡಿ ಹೊರಗೆ."

ಹುಡುಗಿ ಅಮ್ಮನ ಮುಖ ನೋಡಿದಳು. ಹೋಗು ಎಂದು ಅಮ್ಮ ತಲೆಯಾಡಿಸಿದಳು. ಬಾಗಿಲು ಧಡಾರೆಂದಿತು.

ತೆತೆ ತಮ್ಮನನ್ನು ಕೇಳಿದಳು: "ನೀನೇನಂತೀಯೋ? ನಿನ್ನ ಹೆಂಡ್ತಿ ನಿನ್ನ ತಾಯಿಗೆ ಹೀಗೆ ಮಾಡ್ತಿದ್ರೆ ನೀನೇನು ಮಾಡ್ತಿದ್ದೆ?"

"ಇನ್ಮೇಲೆ ಹಾಗಾಗಲ್ಲ ಅಕ್ಕಾ" ಎಂದ ಜೊಸಾಯ. "ನಾನು ನೋಡ್ಕೋತೀನಿ."

ನಾನು ನೋಡ್ಕೋತೀನಿ! ಕೇಳಿದಿರಾ? ನನ್ನ ಮೈ ಉರಿದು ಹೋಯಿತು. ಆದರೆ ಮುಚನೇತಾ ನನ್ನ ಕಡೆ ನೋಡಿ ಕಣ್ಣಲ್ಲೇ ಬೇಡ ಎಂದಳು. ನಾನೂ ಉಗುಳು ನುಂಗಿ ಕೂತೆ.

ತೆತೆ ತೀರ್ಪು ಕೊಟ್ಟಳು. ಸೊಸೆಯ ತವರಿಗೆ ಹೇಳಿಕಳಿಸಬೇಕು. ಮಗಳನ್ನು ಕೊಟ್ಟವರು ಬಂದು, ಒಂದು ಕೋಳಿ, ಒಂದು ಹೊದೆಯುವ ಬಟ್ಟೆ ಇಟ್ಟು, ಅತ್ತೆಯ ಕ್ಷಮೆ ಕೇಳಬೇಕು. ಮುಚನೇತಾ ಅಲ್ಲಿಯ ತನಕ ಅತ್ತಿರಲಿಲ್ಲ. "ಅಪ್ಪನ್ನ ಕರಿಬೇಡಿ ತೆತೆ, ಅವರಿಗೆ ವಯಸ್ಸಾಗಿದೆ. ಕೋಳಿ ನಾನೇ ತರ್ತೀನಿ" ಎಂದು ಅವಳು ಅತ್ತದ್ದು ಆಗ.

"ತಪ್ಪು ಮಾಡೋವಾಗ ಅಪ್ಪ ನೆನಪಿಗೆ ಬರ್ಬೇಕಿತ್ತು" ಎಂದಳು ತೆತೆ.

ಮಾರನೆಯ ದಿನವೇ ಕೆಟಲ್ ಟ್ರಂಕಿನಿಂದ ಹೊರಗೆ ಬಂತು, ಫ್ಯೂಸು ಒಲೆಗೆ ಹೋಯಿತು. ಜೊಸಾಯನೇ ತಂದಿಟ್ಟ, ಒಂದು ಮಾತೂ ಆಡದೆ. ಅಜ್ಜಿಯ ಬಚ್ಚಲಲ್ಲಿ ಹಬೆ ಏಳತೊಡಗಿತು. ಅಲ್ಲಾದದ್ದನ್ನು ಕೇಳಿ. ಅಜ್ಜಿ ಹಿತ್ತಲಲ್ಲಿ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಾ ಪಕ್ಕದ ಮನೆಯವಳಿಗೆ ಹೇಳಿದಳು: "ನೋಡಿದ್ಯಾ, ದಂಡ ಅಂದ ತಕ್ಷಣ ನೀರು ಬಿಸಿ ಆಯ್ತು! ಮನಸ್ಸಿದ್ರೆ ಮೊದ್ಲೇ ಆಗ್ತಿರ್ಲಿಲ್ವಾ?" ಪಕ್ಕದ ಮನೆಯವಳು ಮೂರು ಬೀದಿಗೆ ಹೇಳಿದಳು. ಸಂತೆಯಲ್ಲಿ ಮುಚನೇತಾಳ ಬಟ್ಟೆ ರಾಶಿಯ ಮುಂದೆ ನಿಂತ ಹೆಂಗಸರು ಬೆಲೆ ಕೇಳುವ ಬದಲು ಅವಳ ಮುಖ ನೋಡಿ ಮುಂದೆ ಹೋಗುತ್ತಿದ್ದರು. ತನ್ನ ಅತ್ತೆಗೆ ಗಂಜಿ ಕೊಡದವಳೂ ಅವಳನ್ನು ನೋಡಿ ಚ್ಚು ಚ್ಚು ಎಂದಳು!

ಜೊಸಾಯ ಚರ್ಚಿನ ಸಭೆಗೆ ಹೋಗುವುದನ್ನು ನಿಲ್ಲಿಸಿದ. ಮೀಟರಿನ ಎದುರಿನ ಕುರ್ಚಿಯೂ ಖಾಲಿ. ಒಂದು ಸಂಜೆ ಅವನು ಕೊಳಾಯಿಯ ಹತ್ತಿರ ಒಬ್ಬನೇ ಸಿಕ್ಕ.

"ಜೊಸಾಯ, ಆ ಮುದುಕ ನಿನ್ನ ಮಾವ ಬರೋ ಮುಂಚೆ ನಿನ್ನ ತಾಯಿಗೆ ಹೇಳ್ಬಿಡು."

"ಅವರು ಬರಲಿಕ್ಕಿಲ್ಲ ತಾಪೆರಾ ಅಮ್ಮ. ಅವರಿಗೆ ಮಂಡಿನೋವು. ಕೋಳಿ ಯಾರ ಕೈಯಲ್ಲಾದ್ರೂ ಕಳಿಸ್ತಾರೆ."

"ಬಂದ್ರೆ?"

ಅವನು ನಲ್ಲಿ ತಿರುಗಿಸಿದ. ಬಕೆಟ್ ತುಂಬಿ ಚೆಲ್ಲಿದರೂ ನಿಲ್ಲಿಸಲಿಲ್ಲ. "ನಾಲಿಗೆ ಏಳಲ್ಲ" ಎಂದ. "ದಿನಾ ಬೆಳಿಗ್ಗೆ ಹೇಳ್ಬೇಕು ಅಂತ ಏಳ್ತೀನಿ. ಅಮ್ಮ 'ನನ್ನ ಮಗ' ಅಂತಾಳೆ. ಅಷ್ಟೇ, ನಾಲಿಗೆ ಏಳಲ್ಲ."

ಮುದುಕ ಬಂದ. ಬರದೆ ಏನು? ಮಗಳನ್ನು ಕೊಟ್ಟ ಮಾನವಂತ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ಅಳಿಯನಿಗೆ ಮಾವ ಎಂದರೆ ದೇವರ ಪಕ್ಕದ ಕುರ್ಚಿ. ಮಾವ ಬಂದರೆ ಅಳಿಯ ನೆಲಕ್ಕೆ ಕುಕ್ಕರಿಸಿ, ಅಂಗೈ ಬೊಗಸೆ ಮಾಡಿ ಚಪ್ಪಾಳೆ ತಟ್ಟಿ, ತಲೆ ಬಗ್ಗಿಸಿ ಮಾತಾಡಿಸಬೇಕು. ಮಾವ ಕೂತ ಮೇಲೆಯೇ ಅವನಿಗೆ ಕೂರುವ ಹಕ್ಕು, ಅದೂ ಕೆಳಗೆ. ಮುದುಕ ಮೊಯೊ ಆ ದಿನ ಹಳೆಯ ಕರಿ ಕೋಟು ಹಾಕಿಕೊಂಡು, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕಾಲು ಕಟ್ಟಿದ ಕೋಳಿ ಹಿಡಿದು, ಬಸ್ ಸ್ಟ್ಯಾಂಡಿನಿಂದ ನಡೆದೇ ಬಂದ. ಬೀದಿಯವರೆಲ್ಲ ನೋಡಿದರು. ಜೊಸಾಯ ಒಳ್ಳೆಯ ಕುರ್ಚಿಯನ್ನು ಎಳೆದಿಟ್ಟ. ಮುದುಕ ಅದರ ಕಡೆ ತಿರುಗಿಯೂ ನೋಡಲಿಲ್ಲ. ಬಾಗಿಲ ಪಕ್ಕದಲ್ಲೇ, ಮಂಡಿ ಹಿಡಿದುಕೊಂಡು, ನರಳುತ್ತಾ ನೆಲದ ಮೇಲೆ ಕೂತ. ತಪ್ಪು ಮಾಡಿದವರು ಕೂರುವ ಜಾಗ ಅದು.

ಜೊಸಾಯ ಕುಕ್ಕರಿಸಿದ, ಆಮೇಲೆ ಕೂತ, ಇನ್ನೂ ಬಗ್ಗಿದ. ಮಾವನಿಗಿಂತ ಕೆಳಗೆ ಕೂರಬೇಕು, ನೆಲಕ್ಕಿಂತ ಕೆಳಗೆ ಜಾಗವೆಲ್ಲಿದೆ?

"ಮಾವ, ಮೇಲೆ ಕೂತ್ಕೊಳ್ಳಿ" ಎಂದ.

"ಇವತ್ತು ನಾನು ಮಾವನಾಗಿ ಬಂದಿಲ್ಲಪ್ಪಾ" ಎಂದ ಮುದುಕ.

ಅಜ್ಜಿಯನ್ನು ಶುವಾಯ್ ಕೈ ಹಿಡಿದು ತಂದು ಕೂರಿಸಿದಳು. ತೆತೆ ಎನೆರೆಸಿ ಪಕ್ಕದಲ್ಲಿ ಕೂತಳು, ನಾನು ಬಾಗಿಲಲ್ಲಿ. ಮುಚನೇತಾ ಅಪ್ಪನ ಹಿಂದೆ ತಲೆ ಬಗ್ಗಿಸಿ ಕೂತಳು. ಮುದುಕ ಕೋಳಿಯನ್ನೂ ಮಡಿಸಿದ ಬಟ್ಟೆಯನ್ನೂ ಮುಂದೆ ಸರಿಸಿ, ಬೊಗಸೆಗೈ ತಟ್ಟತೊಡಗಿದ. ಒಣಗಿದ ಕೈ, ಸದ್ದು ಸಣ್ಣಗೆ ಬರುತ್ತಿತ್ತು.

"ತಾಯಿ, ನನ್ನ ಮಗಳು ನಿಮಗೆ ತಣ್ಣೀರು ಕೊಟ್ಟಳಂತೆ. ನಿಮ್ಮನ್ನ ಮನೆಯಿಂದ ಅಟ್ಟಿದ ಹಾಗಾಯ್ತು. ತಪ್ಪು ಅವಳದ್ದಲ್ಲ, ನಂದು. ಇವಳ ತಾಯಿ ಬೇಗ ಹೋಗ್ಬಿಟ್ಳು. ಹೆಣ್ಣುಮಗೂಗೆ ಏನು ಕಲಿಸ್ಬೇಕು ಅಂತ ಗಂಡಸಿಗೆ ಏನು ಗೊತ್ತು? ಕಲಿಸೋರಿಲ್ದೆ ಬೆಳೆದ ಹುಡುಗಿ. ನನ್ನ ಮುಖ ನೋಡಿ ಹೊಟ್ಟೇಲಿ ಹಾಕ್ಕೊಳ್ಳಿ."

ಅಷ್ಟು ದಿನ ಕಲ್ಲಾಗಿದ್ದ ಮುಚನೇತಾ ಬಾಯಿಗೆ ಬಟ್ಟೆ ಒತ್ತಿಕೊಂಡಳು. ಸತ್ತ ತಾಯಿಗೂ ಕೆಟ್ಟ ಹೆಸರು ಬಂತಲ್ಲ! ಮುದುಕ ಮತ್ತೆ ಕೈ ತಟ್ಟಿದ.

"ನಿಲ್ಸಿ ಮಾವ." ಜೊಸಾಯ ಎರಡೂ ಕೈ ಚಾಚಿ ಮುದುಕನ ಕೈಗಳನ್ನು ಹಿಡಿಯಲು ಹೋದ. ಮಾವನನ್ನು ಮುಟ್ಟಬಾರದೆಂದು ನೆನಪಾಗಿ ಕೈ ಅರ್ಧಕ್ಕೇ ನಿಂತಿತು. "ನಿಲ್ಸಿ. ಕೈ ತಟ್ಬೇಡಿ. ನಾನು... ಅದು ನಾನೇ."

"ಏನು ನೀನು?" ತೆತೆ ಕೇಳಿದಳು.

"ಕೆಟಲ್ ನಾನು ಬೀಗ ಹಾಕಿಟ್ಟಿದ್ದೆ. ಒಲೆ ಫ್ಯೂಸು ನನ್ನ ಜೇಬಲ್ಲಿತ್ತು. ಅವಳು ಬೇಡಿದ್ಲು. ದಿನಾ ಕತ್ತಲಲ್ಲೇ ಏಳ್ತಿದ್ಲು. ನಾನೇ ಕೊಡ್ಲಿಲ್ಲ." ಅವನ ಹಣೆ ನೆಲ ಮುಟ್ಟುತ್ತಿತ್ತು. "ಕಾರ್ಖಾನೇಲಿ ಕೆಲಸ ಅರ್ಧ ವಾರ ಮಾಡಿದಾರೆ ಅಮ್ಮ. ನಾನು ದೊಡ್ಡೋನಾಗಿಲ್ಲ. ನಿನಗೆ ಗೊತ್ತಾಗ್ಬಾರ್ದು ಅಂತ ಅವಳ ಬಾಯಿ ಕಟ್ಟಿಸಿದ್ದೆ."

ಕೋಳಿ ಒಮ್ಮೆ ರೆಕ್ಕೆ ಬಡಿದು ಸುಮ್ಮನಾಯಿತು. ಮೊದಲು ಬಾಯಿ ಬಂದದ್ದು ತೆತೆಗೆ.

"ಅವತ್ತು ಇಲ್ಲೇ, ಇದೇ ಕುರ್ಚಿ ಮೇಲೆ ಕೂತಿದ್ಯಲ್ಲೋ! ಬಾಯಲ್ಲೇನು ಮುದ್ದೆ ಇತ್ತಾ? 'ನಾನು ನೋಡ್ಕೋತೀನಿ' ಅಂದ್ಯಲ್ಲೋ, ನಾಚಿಕೆಗೆಟ್ಟೋನೆ! ನನ್ನ ಕೈಯಲ್ಲಿ ಈ ಪಾಪದೋಳಿಗೆ ದಂಡ ಹಾಕಿಸಿದ್ಯಲ್ಲೋ!" ಆಮೇಲೆ ಮುಚನೇತಾಳ ಕಡೆ ತಿರುಗಿದಳು. "ನೀನಾದ್ರೂ ಯಾಕಮ್ಮಾ ಸುಳ್ಳು ಹೇಳಿದೆ?"

"ಹೇಳ್ಬೇಕಾದವರು ಪಕ್ಕದಲ್ಲೇ ಕೂತಿದ್ರು ತೆತೆ" ಎಂದಳು ಮುಚನೇತಾ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಹೇಳ್ತಾರೆ ಅಂತ ಕಾದೆ. ಅವತ್ತು ಕಾದೆ, ಮಾರನೇ ದಿನ ಕಾದೆ. ನಮ್ಮಪ್ಪ ಕೋಳಿ ಹಿಡ್ಕೊಂಡು ಬೀದೀಲಿ ಬರೋದನ್ನ ಕಿಟಕಿಯಿಂದ ನೋಡ್ತಾ ನಿಂತಿದ್ರು, ಆಗ್ಲೂ ಕಾದೆ. ಅಪ್ಪ ಕೈ ತಟ್ಟಿದ ಮೇಲೆ ಹೇಳಿದ್ರು."

ಅಜ್ಜಿ ಗೋಡೆ ಹಿಡಿದು ಎದ್ದಳು. ತಡಕಾಡುತ್ತಾ ಬಂದಳು, ಕೈಗೆ ಮೊದಲು ಕೋಳಿ ಸಿಕ್ಕಿತು, ಆಮೇಲೆ ಸೊಸೆಯ ಹೆಗಲು ಸಿಕ್ಕಿತು. ಅಲ್ಲೇ ಕುಸಿದು ಕೂತಳು.

"ಮಾಮೊಯೊ, ನನ್ನ ತಾಯಿ, ನಾನು ಬೀದಿಗೆಲ್ಲ ಹೇಳ್ಕೊಂಡು ಬಂದ್ನಲ್ಲೇ." ಆಮೇಲೆ ಮಗನ ದನಿ ಬಂದ ಕಡೆ ಮುಖ ಮಾಡಿದಳು. "ಜೊಸಾಯ, ನಿನ್ನ ಸಾಕೋವಾಗ ನಾನು ಹೊಳೆ ನೀರಲ್ಲಿ ಮಿಂದೋಳು ಕಣೋ. ಕಷ್ಟ ಇದೆ ಅಮ್ಮ ಅಂತ ಒಂದು ಮಾತು ಅಂದಿದ್ರೆ, ತಣ್ಣೀರಲ್ಲೇ ಮಿಂದು ಇವಳನ್ನ ಹರಸ್ತಿದ್ದೆ. ನೀರು ಕೇಳಿದ್ನಾ ನಾನು? ಮನಸ್ಸು ಕೇಳಿದ್ದೆ."

ತೆತೆ ದಂಡವನ್ನು ತಿರುಗಿಸಿದಳು. ಕೋಳಿ ವಾಪಸ್ಸು ಹೋಗಬೇಕು, ಜೊತೆಗೆ ಮೇಕೆಯೊಂದನ್ನು ಜೊಸಾಯ ಮಾವನ ಮನೆಗೆ ಹೊಡೆದುಕೊಂಡು ಹೋಗಬೇಕು, ಹಗಲು ಹೊತ್ತಿನಲ್ಲಿ, ಬೀದಿಯ ನಡುವೆ. ಅಜ್ಜಿ ಕಣ್ಣಿನ ಆಪರೇಷನ್ ಮುಗಿಯುವ ತನಕ ಇರುವುದೆಂದಾಯಿತು. ಮುದುಕ ಮೊಯೊ ಎಲ್ಲದಕ್ಕೂ ಹೂಂ ಎಂದ. ಒಂದು ಬೈಗುಳ ಬೈದಿದ್ದರೂ ಜೊಸಾಯನಿಗೆ ಹಗುರಾಗುತ್ತಿತ್ತೇನೋ.

ಊಟದ ಹೊತ್ತಾಯಿತು. ಮುದ್ದೆ, ಸೊಪ್ಪು, ಒಣಮೀನಿನ ಸಾರು. ನಮ್ಮಲ್ಲಿ ಊಟಕ್ಕೆ ಮುಂಚೆ ಮನೆಯ ಹೆಂಗಸು ಹೂಜಿ, ಬೋಗುಣಿ ಹಿಡಿದು ಒಬ್ಬೊಬ್ಬರ ಮುಂದೆ ಮಂಡಿಯೂರಿ ಕೈಗೆ ನೀರು ಹೊಯ್ಯುತ್ತಾಳೆ. ಆ ದಿನ ಮುಚನೇತಾ ಏಳುವ ಮುಂಚೆ ಜೊಸಾಯ ಎದ್ದ. ತಾನೇ ನೀರು ಬೆಚ್ಚಗೆ ಮಾಡಿ ಹೂಜಿಗೆ ತುಂಬಿ ತಂದು, ಮಾವನ ಮುಂದೆ ಮಂಡಿಯೂರಿ ಹಿಡಿದ. ಗಂಡಸು ಹೂಜಿ ಹಿಡಿದದ್ದನ್ನು ಕಂಡು ಶುವಾಯ್ ಬಾಯಿ ಬಿಟ್ಟುಕೊಂಡು ನಿಂತಳು.

ಮುದುಕನ ಕೈಗಳು ಮಡಿಲಲ್ಲೇ ಇದ್ದವು.

"ಮಾವ, ಕೈ" ಎಂದ ಜೊಸಾಯ.

ಮುದುಕ ಅವನ ತಲೆಯ ಮೇಲಿಂದ ಅಡುಗೆಮನೆಯ ಕಡೆ ನೋಡಿದ. "ಅಡುಗೆ ಯಾರು ಮಾಡಿದ್ದು?"

"ನಾನು ಅಪ್ಪಾ" ಎಂದಳು ಮುಚನೇತಾ.

"ಹಾಗಾದ್ರೆ ಉಣ್ತೀನಿ."

ಅವಳು ಬಂದು ಗಂಡನ ಕೈಯಿಂದ ಹೂಜಿ ತೆಗೆದುಕೊಂಡಳು. ಅಪ್ಪ ಕೈ ಚಾಚಿದ, ನೀರು ಹೊಯ್ದಳು. ಅತ್ತೆಯ ಕೈಗೆ ಹೊಯ್ದಳು, ಬೆರಳು ಬೆರಳನ್ನೂ ತಾನೇ ತೊಳೆದಳು. ತೆತೆಗೆ ಹೊಯ್ದಳು, ನನಗೆ ಹೊಯ್ದಳು, ಮಗಳಿಗೂ ಹೊಯ್ದಳು. ಕೊನೆಗೆ ಗಂಡನ ಸರದಿ. ಅವನು ಎರಡೂ ಕೈ ಮುಂದೆ ಹಿಡಿದು ಕಾದಿದ್ದ.

ಮುಚನೇತಾ ಹೂಜಿಯನ್ನು ಅವನ ಮುಂದೆ ನೆಲದ ಮೇಲಿಟ್ಟು, ಹೋಗಿ ಅಪ್ಪನ ಪಕ್ಕದಲ್ಲಿ ಕೂತಳು. ಎಲ್ಲರೂ ಅವನನ್ನು ನೋಡಬಾರದೆಂದು ತಟ್ಟೆ ನೋಡಿದೆವು. ಸ್ವಲ್ಪ ಹೊತ್ತಾದ ಮೇಲೆ ಅವನು ಒಂದು ಕೈಯಲ್ಲಿ ಹೂಜಿ ಎತ್ತಿ ಇನ್ನೊಂದು ಕೈಗೆ ನೀರು ಹೊಯ್ದುಕೊಂಡ.